ಮಗು ಕೇಳುವ ಮೊದಲು ಬಾಗಿಲು ಕೊಡಿ

ವಸತಿ ಇಲಾಖೆಯ ಮುಖ್ಯಾಧಿಕಾರಿಗಳೇ,

ಮನೆ ಬೇಕೆಂದು ಬಂದ ದಂಪತಿಗೆ ‘ಮೊದಲು ಮಗು ಹೆತ್ತು ಬನ್ನಿ’ ಎನ್ನುವ ನಿಮ್ಮ ನಿಯಮ ನನಗೆ ಹೇಸಿಗೆ ಹುಟ್ಟಿಸಿದೆ. ಇದಕ್ಕಿಂತ ಮೆದುವಾದ ಪದ ಹುಡುಕಿದೆ, ಸಿಗಲಿಲ್ಲ. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಜನರ ಮುಂದೆ ಮಾತಾಡಿ ಅಭ್ಯಾಸವಿಲ್ಲ. ನಿಮ್ಮ ಕಚೇರಿಯ ಕಿಟಕಿಯ ಮುಂದೆ ಹೇಳಲಾಗದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ಸಭೆಯೊಂದರಲ್ಲಿ ನೀವು ನಮ್ಮ ಪೀಳಿಗೆಯ ಬಗ್ಗೆ ಮರುಗಿದ್ದನ್ನು ಪತ್ರಿಕೆಯಲ್ಲಿ ನೋಡಿದೆ. ಮೂವತ್ತರ ಆಚೀಚಿನವರು ತಡವಾಗಿ ಮದುವೆಯಾಗುತ್ತಾರೆ, ಮಕ್ಕಳನ್ನು ಮುಂದೂಡುತ್ತಾರೆ, ತಮ್ಮ ಸುಖವನ್ನಷ್ಟೇ ನೋಡಿಕೊಳ್ಳುತ್ತಾರೆ, ಹೀಗಾದರೆ ನಾಳೆ ಶಾಲೆಗಳು ಖಾಲಿ ಎಂದಿರಿ. ಆ ಸುಖವನ್ನು ಒಂದಿಷ್ಟು ನೋಡಿಹೋಗಿ. ನಾನು ಲಾಂಡ್ರಿಯಲ್ಲಿ ಹಗಲಿಡೀ ಹೋಟೆಲುಗಳ ಜೋಡಿಮಂಚದ ಹಾಸುಗಳಿಗೆ ಇಸ್ತ್ರಿ ಹಾಕುತ್ತೇನೆ. ಗಂಡ ರಾತ್ರಿಪಾಳಿಯಲ್ಲಿ ಗೋದಾಮಿನ ಸರಕು ಇಳಿಸುತ್ತಾರೆ. ನಮ್ಮದು ಅರ್ಧ ಕೋಣೆ. ನಡುವೆ ನಿಲ್ಲಿಸಿದ ಬೀರುವಿನ ಆಚೆ ಗಂಡನ ಅಕ್ಕ ಮತ್ತು ಅವರ ಯಜಮಾನರು, ಈಚೆ ನಾವು ಮತ್ತು ಒಂದು ಒಂಟಿ ಮಂಚ. ಅದರ ಮೇಲೆ ರಾತ್ರಿ ನಾನು, ಹಗಲು ನನ್ನ ಗಂಡ. ನಾನೆದ್ದ ಜಾಗದ ಬಿಸಿ ಆರುವ ಮೊದಲೇ ಅವರು ಬಂದು ಒರಗುತ್ತಾರೆ. ಇಷ್ಟು ಅನ್ಯೋನ್ಯ ದಾಂಪತ್ಯ ನಿಮ್ಮ ಅಧಿಕಾರಿಗಳಲ್ಲಿ ಎಷ್ಟು ಜನರಿಗಿದೆ?

ನನ್ನ ವಾರದ ರಜೆ ಮಂಗಳವಾರ, ಅವರದ್ದು ಶುಕ್ರವಾರ. ಯಾವಾಗಲೋ ಒಮ್ಮೆ ಎರಡೂ ಕೂಡಿ ಬಂದರೆ ಅತ್ತಿಗೆ “ತರಕಾರಿ ತರ್ತೀವಿ, ಲೇಟಾಗುತ್ತೆ” ಎಂದು ತಮ್ಮ ಯಜಮಾನರನ್ನು ಎಳೆದುಕೊಂಡು ಹೊರಡುತ್ತಾರೆ. ಆಗ ಬಾಗಿಲ ಹೊರಗೆ ಒದ್ದೆ ಟವೆಲ್ ತೂಗುಹಾಕುವುದು ನಮ್ಮ ವಠಾರದ ಪದ್ಧತಿ. ಕಂಡವರು ಬಾಗಿಲು ತಟ್ಟುವುದಿಲ್ಲ, ಕೆಮ್ಮಿ ಮುಂದೆ ಹೋಗುತ್ತಾರೆ. ಒಮ್ಮೆ ಅತ್ತಿಗೆ ನಿಜವಾಗಿಯೂ ಒಣಗಲೆಂದೇ ಟವೆಲ್ ಹಾಕಿಬಿಟ್ಟರು. ಸಿಲಿಂಡರ್ ತಂದವನು ಮರ್ಯಾದೆಯಿಂದ ವಾಪಸು ಹೋದ, ಎರಡು ದಿನ ಒಲೆ ಹಚ್ಚಲಿಲ್ಲ. ನಗು ಬಂತೇ? ನಾವೂ ನಕ್ಕೆವು. ಆದರೆ ಗಂಡಹೆಂಡತಿ ಮಾತಾಡಲು ವಠಾರದ ಒಪ್ಪಿಗೆ ಬೇಕಾಗುವ ಬದುಕನ್ನು ಸ್ವಾರ್ಥ ಎಂದು ಕರೆದವರು ನೀವು.

‘ಯುವ ಕುಟುಂಬ’ಗಳಿಗೆ ಮನೆ ಎಂಬ ನಿಮ್ಮ ಯೋಜನೆ ನಂಬಿ ಕಚೇರಿಗೆ ಬಂದೆ. ಕಿಟಕಿಯೊಳಗಿನ ಗುಮಾಸ್ತರು ಇಡೀ ಸಾಲಿಗೆ ಕೇಳುವಂತೆ, “ಏನಮ್ಮಾ, ಮದುವೆಯಾಗಿ ಏಳು ವರ್ಷ. ಮಗು ಯಾಕಿಲ್ಲ? ಬೇಡ್ವಾ, ಆಗ್ತಿಲ್ವಾ?” ಎಂದರು.

ನನ್ನ ಹಿಂದೆ ನಿಂತಿದ್ದ ಪೇಂಟರ್ ಒಬ್ಬರು, “ಸಾರ್, ಮನೆ ಕೊಟ್ ನೋಡಿ. ಮುಂದಿನ್ ವರ್ಷ ಉತ್ತರಾನ ಕಂಕುಳಲ್ಲಿ ಎತ್ಕೊಂಡೇ ಬರ್ತಾರೆ” ಎಂದರು. ಸಾಲು ನಕ್ಕಿತು. ಗುಮಾಸ್ತರೂ ನಕ್ಕು, “ರೂಲ್ಸ್ ಕಣಮ್ಮ. ಮಾಡ್ಕೊಂಡ್ ಬನ್ನಿ, ನೋಡೋಣ” ಎಂದು ಮುಂದಿನವರನ್ನು ಕರೆದರು.

ಸಂಜೆ ಅತ್ತಿಗೆ ಸಿಡಿದರು. “ಅವನ ನಾಲಿಗೆಗೆ ನಿನ್ನ ಇಸ್ತ್ರಿಪೆಟ್ಟಿಗೆ ಇಟ್ಟು ಬರೋದಲ್ವೇನೆ!” ಆಮೇಲೆ ದನಿ ತಗ್ಗಿಸಿ, “ಇಲ್ಲೇ ಒಂದ್ ಆಗ್ಲಿ ಬಿಡೇ. ನಾವಿಬ್ರು ತಾರಸಿ ಮೇಲೆ ಮಲ್ಕೋತೀವಿ” ಎಂದರು. ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತುವ ಹೆಂಗಸು! ನನಗೆ ಅಳು ಬಂದದ್ದು ಕಿಟಕಿಯ ಮುಂದಲ್ಲ, ಆಗ.

ನಮ್ಮ ಅಪ್ಪಂದಿರ ಕಾಲದಲ್ಲಿ ಕೆಲಸಕ್ಕೆ ಸೇರಿದವರು ಅಲ್ಲೇ ನಿವೃತ್ತರಾಗುತ್ತಿದ್ದರು. ನಮ್ಮದು ಆಗಾಗ ನವೀಕರಿಸುವ ಗುತ್ತಿಗೆ. ಲಾಂಡ್ರಿಯಲ್ಲಿ ಹೊಟ್ಟೆ ಕಾಣಿಸಿದವರ ಗುತ್ತಿಗೆ ಮುಂದುವರಿದದ್ದನ್ನು ನಾನು ನೋಡಿಲ್ಲ. ಅಂದರೆ ಮನೆ ಪಡೆಯಲು ಮಗು ಹೆರಬೇಕು, ಹೆತ್ತರೆ ಆ ಮನೆಯ ಕಂತು ಕಟ್ಟಲು ಬೇಕಾದ ಕೆಲಸವೇ ಹೋಗಬೇಕು. ಇದನ್ನು ರೂಪಿಸಲು ಎಷ್ಟು ಮಂದಿ ತಜ್ಞರು ಕೂತಿದ್ದಿರಿ? ಮೇಲಿಂದ ಮೂವತ್ತಾರು ತುಂಬಿದವರು ಅರ್ಜಿ ಹಾಕುವಂತಿಲ್ಲ. ಫೆಬ್ರವರಿಗೆ ನನಗೆ ಮೂವತ್ತಾರು ತುಂಬುತ್ತದೆ. ಆಮೇಲೆ ನಾನು ನಿಮಗೆ ಯುವತಿಯೂ ಅಲ್ಲ, ಕುಟುಂಬವೂ ಅಲ್ಲ.

ಆದ್ದರಿಂದ ಕೇಳುತ್ತಿದ್ದೇನೆ: ಆ ನಿಯಮವನ್ನು ಈ ವರ್ಷವೇ ತೆಗೆದುಹಾಕಿ. ಮಗುವಿಲ್ಲದವರನ್ನೂ ಸಾಲಿಗೆ ಸೇರಿಸಿ. ಅದಕ್ಕೆ ಪ್ರತಿಯಾಗಿ ನಿಮ್ಮ ಜನನ ಪ್ರಮಾಣಕ್ಕೆ ನಾನು ಯಾವ ಭರವಸೆಯನ್ನೂ ಕೊಡುವುದಿಲ್ಲ. ಮಗು ಬೇಕೋ ಬೇಡವೋ ಎಂಬುದು ನಾವಿಬ್ಬರೂ ಬಾಗಿಲು ಹಾಕಿಕೊಂಡು ಮಾತಾಡಿಕೊಳ್ಳುವ ವಿಷಯ.

ಇಂತಿ,
ಬರುವ ಫೆಬ್ರವರಿಯವರೆಗೆ ಮಾತ್ರ
ನಿಮ್ಮ ಲೆಕ್ಕದ ಯುವತಿ