ಅಕ್ಕನ ಕಂಪ್ಯೂಟರಿಗೆ ಹೊಸ ಡಾಸ್ ಹಾಕಿದ ವೃತ್ತಾಂತ

ರಾಯಚೂರು
ಶುಕ್ರವಾರ, 11-8-1989, ಸಂಜೆ

ಶ್ರೀಮತ್ ಸಮಸ್ತ ಕೀಲಿಮಣೆ ಸಾಮ್ರಾಜ್ಯಾಧೀಶ್ವರಿ, ಹಸಿರು ಪರದೆಯ ಏಕಚಕ್ರಾಧಿಪತಿ, ಚಾಕ್‌ಪೀಸ್ ಚಕ್ರವರ್ತಿನಿ, ದೇವದುರ್ಗದ ಏಳನೇ ಇಯತ್ತೆಯ ಹುಡುಗಿಯರ ಗಣಿತಭಯ ನಿವಾರಿಣಿ, ನನ್ನ ಎರಡೂ ಕಿವಿಗಳ ವಂಶಪಾರಂಪರ್ಯ ಹಕ್ಕುದಾರಿಣಿಯಾದ ಮಾನಮ್ಮಕ್ಕನವರ ದಿವ್ಯ ಸನ್ನಿಧಾನಕ್ಕೆ, ರಾಯಚೂರಿನ ಗಣಕ ಸಂಸ್ಥಾನದ ಹಂಗಾಮಿ ದಿವಾನನಾದ ತಮ್ಮ ತಾಯಣ್ಣನು ದೂರದಲ್ಲಿ ನಿಂತು (ಕೈಗೆ ಸಿಗದಷ್ಟು ದೂರದಲ್ಲಿ) ಮಾಡುವ ಸಾಷ್ಟಾಂಗಗಳು.

ಇಲ್ಲಿ ಅವ್ವ ಕ್ಷೇಮ, ನಾನು ಕ್ಷೇಮ, ತಮ್ಮ ಕಂಪ್ಯೂಟರ್ ಈಗ ಕ್ಷೇಮ. ಆ ‘ಈಗ’ ಎಂಬ ಪದದ ಮೇಲೆ ತಾವು ಬೆರಳಿಟ್ಟು ನಿಂತಿರುತ್ತೀರಿ ಎಂದು ಬಲ್ಲೆ. ದಯಮಾಡಿ ಕುಳಿತುಕೊಳ್ಳಬೇಕು. ಕೈಯಲ್ಲಿ ಬೆತ್ತವಿದ್ದರೆ ಪಕ್ಕದಲ್ಲಿರುವ ಹುಡುಗಿಗೆ ಕೊಡಬೇಕು. ತಮ್ಮ ‘ಭಲೇ’ ಪ್ರೋಗ್ರಾಂ ಮೊದಲು ಹೇಗಿತ್ತೋ ಹಾಗೇ ಇದೆ, ಒಂದು ಚುಕ್ಕಿ ಸಹ ಅಲುಗಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ಉಳಿದದ್ದನ್ನು ಸಾವಕಾಶವಾಗಿ ಓದಬಹುದು.

ತಾವು ಗೀವು ಸಾಕು ಮಾಡುತ್ತೇನೆ, ಕೈ ನೋಯುತ್ತಿದೆ.

ಅಕ್ಕಾ, ಸೋಮವಾರದ ಮಹತ್ವ ನನಗೆ ಗೊತ್ತಿಲ್ಲ ಎಂದು ಮಾತ್ರ ತಿಳಿಯಬೇಡ. ಮೇಲಿನ ಕಚೇರಿಯ ಸಾಹೇಬರು ನಿಮ್ಮ ಶಾಲೆಗೆ ಬರುತ್ತಾರೆ. ತಾವೇ ಬರೆದ ಪ್ರೋಗ್ರಾಂ ಒಂದನ್ನು ಯಾರು ಓಡಿಸಿ ತೋರಿಸುತ್ತಾರೋ ಅವರ ಕೈಗೆ ಕಂಪ್ಯೂಟರ್ ಕೋಣೆಯ ಕೀಲಿ. ನಿನ್ನಿಂದ ಆಗದಿದ್ದರೆ ಅದು ಹೆಡ್‌ಮಾಸ್ತರರ ಅಳಿಯ ಬೂದೆಪ್ಪನ ಉಡಿದಾರಕ್ಕೆ ಹೋಗುತ್ತದೆ. ಆಮೇಲೆ ಯಂತ್ರಕ್ಕೆ ಕಸೂತಿಯ ಹೊದಿಕೆ, ಹುಡುಗಿಯರಿಗೆ ಕಿಟಕಿಯಿಂದ ದರ್ಶನ. ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯವರು ಹೊಸದು ತಂದಾಗ ನಮ್ಮ ಮನೆಗೆ ಬಂದ ಈ ಹಳೇ ಕಂಪ್ಯೂಟರಿನ ಮುಂದೆ ನೀನು ಬೇಸಿಗೆಯೆಲ್ಲ ಕುಳಿತದ್ದನ್ನು ನಾನು ಕಂಡವನು. ಕನ್ನಡವೇ ಬಾರದ ಯಂತ್ರಕ್ಕೆ ಒಂದೊಂದೇ ಚುಕ್ಕಿ ಹೇಳಿಕೊಟ್ಟು ಕನ್ನಡ ಬರೆಸಿದೆ. ‘ಳ’ದ ಹೊಟ್ಟೆ ಸರಿಯಾಗಿ ಕೂಡಲಿಲ್ಲವೆಂದು ಊಟ ಬಿಟ್ಟೆ. ಇಂಗ್ಲಿಷ್ ಬಾರದ ಹುಡುಗಿಯೂ ಲೆಕ್ಕಕ್ಕೆ ಸರಿ ಉತ್ತರ ಒತ್ತಿದರೆ ಪರದೆ ತುಂಬ ‘ಭಲೇ!’ ಎಂದು ಬರುವಂತೆ ಮಾಡಿದೆ. ಆ ದಿನ ಅವ್ವ ತಪ್ಪು ಉತ್ತರ ಒತ್ತಿ, ಭಲೇ ಬರಲಿಲ್ಲವೆಂದು ಸಿಟ್ಟಾಗಿದ್ದಳು.

ಎದ್ದು ಹೋಗಿ ಕಂಪ್ಯೂಟರ್ ನೋಡಿ ಬಂದೆ. ಇದೆ.

ಈಗ ಆದದ್ದು ಹೇಳುತ್ತೇನೆ. ಹೋದ ವಾರ ಬಂದಾಗ ನೀನೇ ಅಂದೆ, ಶಾಲೆಯ ಯಂತ್ರದಲ್ಲಿ ಅದನ್ನು ಎಬ್ಬಿಸಿ ನಡೆಸುವ ಡಾಸ್ ಹೊಸದು, ನಮ್ಮದರಲ್ಲಿ ಹಳೆಯದು, ಎರಡೂ ಒಂದೇ ಆದರೆ ಸೋಮವಾರ ತಂಟೆ ಇರುವುದಿಲ್ಲ ಎಂದು. ಹೊಸ ಡಾಸಿನ ಫ್ಲಾಪಿಯನ್ನು ಮೇಜಿನ ಮೇಲೆ ಇಟ್ಟೆ. “ನಾ ಐತವಾರ ಬಂದು ಮಾಡ್ತೀನಿ. ಅಲ್ಲೀತನಕ ಮುಟ್ಟಿದಿ ಅಂದ್ರ ನೋಡು,” ಎಂದು ಬಸ್ಸು ಹತ್ತಿದೆ. ಇದರ ಜೊತೆಗೆ, ಊರಿಂದೂರಿಗೆ ಫ್ಲಾಪಿಯ ಮೂಲಕ ಏನೋ ವೈರಸ್ ಹರಡುತ್ತಿದೆ, ಹಳೇ ಡಾಸಿಗೆ ಬಲು ಬೇಗ ಅಂಟುತ್ತದೆ ಎಂದು ಕಾಲೇಜಿನಲ್ಲಿ ಯಾರೋ ಹೇಳಿದರು. ಸಂಸ್ಥಾನದ ರಕ್ಷಣೆಯ ಪ್ರಶ್ನೆ ಬಂದಾಗ ದಿವಾನನಾದವನು ಐತವಾರದವರೆಗೆ ಕಾಯುವುದೆಂದರೇನು? ಪ್ರತಿ ತೆಗೆದಿಡು ಎಂದರೆ ಖಾಲಿ ಫ್ಲಾಪಿ ಇಲ್ಲವೆಂದವಳು ನೀನು. ಇದನ್ನು ಆರೋಪವೆಂದು ಭಾವಿಸಬಾರದು. (ಆರೋಪವೇ.)

ಬುಧವಾರ ಮಧ್ಯಾಹ್ನ ಶುಭ ಮುಹೂರ್ತದಲ್ಲಿ ಫ್ಲಾಪಿಯಲ್ಲಿದ್ದುದನ್ನೆಲ್ಲ ಒಳಗೆ ಕಾಪಿ ಮಾಡಿದೆ. ಬೆಣ್ಣೆಯಂತೆ ಹೋಯಿತು. ಫ್ಲಾಪಿ ತೆಗೆದು ಮೇಜಿನ ಮೇಲಿಟ್ಟು, ಆರಿಸಿ ಮತ್ತೆ ಹಚ್ಚಿದೆ. ಕಂಪ್ಯೂಟರ್ ಒಂದು ಸಾಲು ಇಂಗ್ಲಿಷ್ ಉಗುಳಿ ಸುಮ್ಮನಾಯಿತು. ಆಜ್ಞೆ ಕೇಳುವವನು ಸಿಗುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಯಾವ ಕೀಲಿ ಒತ್ತಿದರೂ ಮಾತಿಲ್ಲ. ಹಸಿರು ಗೆರೆ ಸಹ ಮಿನುಗಲಿಲ್ಲ.

ಹೊಸ ಡಾಸಿನ ಫ್ಲಾಪಿಯಿಂದಲೇ ಎಬ್ಬಿಸೋಣ ಎಂದು ನೀರು ಕುಡಿದು ಬಂದೆ. ಮೇಜಿನ ಮೇಲೆ ಅದಿಲ್ಲ. ಅದರ ಪಕ್ಕದಲ್ಲಿದ್ದ ಹಳೇ ಡಾಸಿನ ಫ್ಲಾಪಿಯೂ ಇಲ್ಲ. ಎಲ್ಲಿದ್ದವು ಹೇಳು? ಬಾಗಿಲ ಹಿಂದೆ, ಲೈಟಿನ ಬಿಲ್ಲು, ರೇಷನ್ ಚೀಟಿ, ಮದುವೆ ಕಾರ್ಡುಗಳನ್ನೆಲ್ಲ ಚುಚ್ಚಿ ತೂಗುಹಾಕುವ ಕಬ್ಬಿಣದ ತಂತಿ ಇದೆಯಲ್ಲ, ಅದಕ್ಕೆ ಏರಿದ್ದವು. ಅವ್ವ ಮೇಜು ಒರೆಸಿ ಸ್ವಚ್ಛ ಮಾಡಿದ್ದಳು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತರೆ ಅವಳದೇ ನ್ಯಾಯ:

“ನಡುವ ತೂತು ಅವರಾ ಹಾಕಿ ಕಳಿಸ್ಯಾರಲೇ. ತಂತಿಗೆ ಏರಸಾಕ ಅಲ್ಲಂದ್ರ ಮತ್ಯಾತಕ? ಲೈಟಿನ ಬಿಲ್ಲಿಗಾದ್ರ ನಾನಾ ಚುಚ್ಚಬೇಕು.”

ಇದಕ್ಕೆ ನಿನ್ನ ಕಂಪ್ಯೂಟರ್ ಶಾಸ್ತ್ರದಲ್ಲಿ ಉತ್ತರವಿದ್ದರೆ ಬರೆದು ತಿಳಿಸು. ತಂತಿಯ ಜಂಗಿನ ಕೊಕ್ಕೆ ಎರಡೂ ಫ್ಲಾಪಿಗಳ ಕಪ್ಪು ಹಾಳೆಯನ್ನು ಗೀರಿತ್ತು. ಒಳಗೆ ಹಾಕಿದರೆ ಜ್ವಾಳ ಬೀಸಿದ ಸದ್ದು, ಆಮೇಲೆ ಓದಲಾಗದು ಎಂಬ ತೀರ್ಪು.

ಗುರುವಾರ ಬೆಳಿಗ್ಗೆ ಮಾನವಿ ಬಸ್ಸು ಹತ್ತಿದೆ. ನನ್ನ ಗೆಳೆಯ ಸೈಫುದ್ದೀನ್ ಅಲ್ಲಿ ಅಕ್ಕಿ ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ, ಅವರಲ್ಲಿಯೂ ಇದೇ ಹೊಸ ಡಾಸ್. ಹೋದರೆ ಕರೆಂಟಿಲ್ಲ. ಗಿರಣಿ ನಿಂತಿದೆ. ಹಮಾಲರು ಭತ್ತದ ಚೀಲಗಳ ಮೇಲೆ ಮಲಗಿದ್ದಾರೆ. ನಾನೊಬ್ಬನೇ ಅಂಗಳದ ಈ ತುದಿಯಿಂದ ಆ ತುದಿಗೆ. ಸೈಫುದ್ದೀನ್ ಚಹಾ ಕುಡಿಸಿ, ಎಲ್ಲ ಕೇಳಿ, ಹಣೆ ಬಡಿದುಕೊಂಡ. ಡಾಸ್ ಎಂದರೆ ಮೂರು ಜನರ ದರ್ಬಾರಂತೆ. ಇಬ್ಬರು ರಾಣಿವಾಸದವರಂತೆ ಪರದೆಯ ಮರೆಯಲ್ಲಿರುತ್ತಾರೆ, ಸುಮ್ಮನೆ ಕಾಪಿ ಮಾಡಿದರೆ ಅವರು ಕಾಣುವುದೂ ಇಲ್ಲ, ಬರುವುದೂ ಇಲ್ಲ. ಮೂರನೆಯವನು ಬಾಗಿಲಲ್ಲಿ ಕುಳಿತು ನಮ್ಮ ಆಜ್ಞೆ ಕೇಳುವವನು. ನಾನು ಬದಲಾಯಿಸಿದ್ದು ಅವನೊಬ್ಬನನ್ನೇ.

“ಲೇ ತಾಯಣ್ಣ, ಬಾಗಿಲಾಗ ಹೊಸಾಂವನ್ನ ಕುಂದ್ರಿಸಿ ಒಳಗ ಹಳಬರನ್ನ ಬಿಟ್ಟಿದಿ. ಅವ್ರಿಗೆ ಇಂವ ಯಾರಂತ ಗೊತ್ತಿಲ್ಲ, ಇಂವಗ ಅವ್ರು ಯಾರಂತ ಗೊತ್ತಿಲ್ಲ. ಮನಿ ನಡೀತದೇನು?” ಎಂದ. ಆಮೇಲೆ ನನ್ನ ಅಂಗಿಯ ಗುಂಡಿ ಹಿಡಿದು ಎಚ್ಚರಿಸಿದ: “ನಾ ಹೇಳಿದ್ದು ಸಿಸ್. ಎಸ್, ವಾಯ್, ಎಸ್. ಅದಾದ್ರ ಪರದೆದೊಳಗಿನವ್ರೂ ಬದ್ಲಿ ಆಗ್ತಾರ. ಮರತು ಫಾರ್ಮ್ಯಾಟ್ ಅಂತ ಬಡದಿ ಅಂದ್ರ ಎಲ್ಲಾ ಖಲಾಸ್. ನಿಮ್ಮಕ್ಕ ದೇವದುರ್ಗದಿಂದ ನಡಕೊಂತ ಬಂದು ಮೊದಲ ನಿನ್ನ ಬಡೀತಾಳ, ಆಮ್ಯಾಲೆ ನನ್ನ.”

ಕರೆಂಟು ಬಂದದ್ದು ಇಳಿಹೊತ್ತಿಗೆ. ಹೊಸ ಡಾಸಿನ ಫ್ಲಾಪಿಯೊಂದು, ನಿನ್ನ ಪ್ರೋಗ್ರಾಮಿಗೆಂದು ಖಾಲಿಯದೊಂದು ಕೊಟ್ಟ. ಮಡಚಬಾರದೆಂದು ಅವನ ಅಬ್ಬಾನ ಎಕ್ಸ್‌ರೇ ಇಟ್ಟಿದ್ದ ದೊಡ್ಡ ಕವರಿನಲ್ಲಿ ರಟ್ಟಿನ ನಡುವೆ ಹಾಕಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕವರನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಕಲ್ಲೂರಿಗೆ ಹೊರಟಿದ್ದ ಅಜ್ಜಿಯೊಬ್ಬಳು ಆ ಎಕ್ಸ್‌ರೇ ಕವರು ನೋಡಿ ಮರುಗಿದಳು.

“ಯಾರದೋ ಯಪ್ಪಾ ಫೋಟೊ?”

ನಾನು ಮುಖ ಸಣ್ಣದು ಮಾಡಿ, “ನಮ್ಮಕ್ಕಂದಬೇ ಯವ್ವಾ,” ಎಂದೆ.

“ಏನಾಗ್ಯದ?”

“ಕಲಿತದ್ದೆಲ್ಲಾ ಒಳಗ ಸಿಕ್ಕೊಂಡು ಕುಂತದ, ಹೊರಗ ಬರವಲ್ದು.”

“ಮದುವಿ ಆಗ್ಯದೇನು?”

“ಇಲ್ಲ.”

“ಅದಕ್ಕಾ,” ಎಂದು ರೋಗ ನಿರ್ಣಯಿಸಿ, ಸರಿದು ಕುಳಿತು, ನನಗೆ ಜಾಗ ಕೊಟ್ಟಳು. ದಿನಾ ಜ್ವಾಳದ ಗಂಜಿ ಕುಡಿಸಬೇಕಂತೆ. ಕುಡಿ.

ಮತ್ತೆ ಎದ್ದು ಹೋಗಿ ನೋಡಿ ಬಂದೆ. ಅವ್ವ ಕೇಳುತ್ತಿದ್ದಾಳೆ, “ಏನಲೇ ಅದು, ಹಾಲು ಕಾಯಾಕಿಟ್ಟಂಗ ಘಳಿಗಿಗೊಮ್ಮಿ ನೋಡಾಕತ್ತೀದಿ?” ಎಂದು.

ಗುರುವಾರ ರಾತ್ರಿ ಊಟಕ್ಕೆ ಮುಂಚೆ ಸೈಫುದ್ದೀನನ ಫ್ಲಾಪಿ ಹಾಕಿ ಹಚ್ಚಿದೆ. ಎದ್ದಿತು! ಎಸ್, ವಾಯ್, ಎಸ್ ಎಂದು ಒಂದೊಂದೇ ಅಕ್ಷರ ಬಾಯಿಬಿಟ್ಟು ಹೇಳುತ್ತಾ ಒತ್ತಿದೆ. ಅಧಿಕಾರ ಹಸ್ತಾಂತರವಾಯಿತು ಎಂದು ಪರದೆ ಘೋಷಿಸಿತು. ಫ್ಲಾಪಿ ತೆಗೆದು, ಆರಿಸಿ, ಕಣ್ಣು ಮುಚ್ಚಿ ಮತ್ತೆ ಹಚ್ಚಿದೆ. ತಾನಾಗಿಯೇ ಎದ್ದು, ಸಂಸ್ಥಾನದ ರಕ್ಷಣೆಗೆಂದು ನಾನು ಮೊದಲೇ ಪುಟ್ಟ ಪ್ರೋಗ್ರಾಂ ಬರೆದು ನೇಮಿಸಿದ್ದ ಕಾವಲುಗಾರನ ಮುಖ ತೋರಿಸಿತು. ಅವನು ಪರದೆಯ ಮೇಲೆ ‘ನಿಲ್ಲು! ನೀನು ಯಾರು? ಯಾವ ಊರು?’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಗದರಿಸುತ್ತಾನೆ, ಆಮೇಲೆ ಯಾವ ಕೀಲಿ ಒತ್ತಿದರೂ ಒಳಗೆ ಬಿಡುತ್ತಾನೆ. ಏನು ಬರೆದಿದೆ ಎಂದು ಅವ್ವನಿಗೆ ಓದಿ ಹೇಳಿದೆ. “ನನ್ನ ಮನಿಯಾಗ ನನ್ನನ್ನಾ ಕೇಳ್ತದಲ್ಲ ಇದು!” ಎಂದು ಮೊಣಕೈಯಿಂದ ಉದ್ದನೆಯ ಕೀಲಿ ಗುದ್ದಿದಳು. ಬಾಗಿಲು ತೆರೆಯಿತು.

ಒಳಗೆ ಎಲ್ಲ ಹೆಸರುಗಳೂ ಇದ್ದವು. ನಡುವೆ ‘ಭಲೇ’ ಕುಳಿತಿತ್ತು. ಅದನ್ನು ಖಾಲಿ ಫ್ಲಾಪಿಗೆ ಕಾಪಿ ಮಾಡಿದ್ದೇನೆ. ನೀನು ಐತವಾರ ಬರುವ ಅಗತ್ಯವೇ ಇಲ್ಲ. ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಖಾಜಾಮಿಯಾನ ಕೈಯಲ್ಲಿ ಈ ಪತ್ರ, ಫ್ಲಾಪಿ ಎರಡೂ ಬರುತ್ತವೆ. ನಾನೇ ತರಬಹುದಿತ್ತು, ಸಂಸ್ಥಾನದ ಕೆಲಸಗಳು ಬಹಳ. ಫ್ಲಾಪಿಯನ್ನು ಬಿಸಿಲಿಗೆ ಇಡಬೇಡ, ಅಯಸ್ಕಾಂತದ ಹತ್ತಿರ ಒಯ್ಯಬೇಡ, ನಿಮ್ಮ ಶಾಲೆಯಲ್ಲಿ ಅಂಥ ತಂತಿ ಇದ್ದರೆ ಕಿತ್ತು ಹಾಕಿಸು. ಸೋಮವಾರ ಸಾಹೇಬರ ಮುಂದೆ ನಿರಾಳವಾಗಿ ಓಡಿಸು. ಬೂದೆಪ್ಪನ ಮುಖ ಹೇಗಾಯಿತೆಂದು ವಿವರವಾಗಿ ಬರೆ.

ಇಂತಿ ತಮ್ಮ ಪಾದಧೂಳಿಯನ್ನು ಒರೆಸಲು ಬಟ್ಟೆ ಹುಡುಕುತ್ತಿರುವ,
ಹಂಗಾಮಿ ದಿವಾನ
ತಾಯಣ್ಣ

ತಾ.ಕ.: ಶನಿವಾರ, ದೇವದುರ್ಗ.

ಬಸ್ ಸ್ಟ್ಯಾಂಡಿನಲ್ಲಿ ಖಾಜಾಮಿಯಾನ ಕೈಗೆ ಲಕೋಟೆ ಕೊಟ್ಟೆ. ವಾಪಸ್ ಇಸಿದುಕೊಂಡೆ. ಮತ್ತೆ ಕೊಟ್ಟೆ. “ಪತ್ರ ಹೋಗಬೇಕೋ, ನೀ ಹೋಗಬೇಕೋ? ಬೇಗ ಹೇಳಪಾ, ಸೀಟಿ ಹೊಡೀಬೇಕು,” ಎಂದ. ಇಬ್ಬರೂ ಬಂದಿದ್ದೇವೆ. ಇದನ್ನು ನಿನ್ನ ಶಾಲೆಯ ಗೇಟಿನ ಹೊರಗೆ ನಿಂತು ಬರೆದು, ಸಿಪಾಯಿಯ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಫ್ಲಾಪಿ ನನ್ನ ಹತ್ತಿರವೇ ಇದೆ.

ಹೆಸರು ಕಂಡದ್ದು ನಿಜ, ಕಾಪಿ ಮಾಡಿದ್ದೂ ನಿಜ. ಅದನ್ನು ಓಡಿಸಿ ನೋಡಿಲ್ಲ. ನಿನ್ನೆಯೆಲ್ಲ ಎದ್ದೆದ್ದು ಹೋದದ್ದು ಅದಕ್ಕೇ. ಪ್ರತಿ ಸಲ ಬೆರಳು ಇಟ್ಟೆ, ತೆಗೆದೆ. ಓಡದಿದ್ದರೆ ಇವತ್ತು ಮಧ್ಯಾಹ್ನ ಇದೆ, ನಾಳೆ ಇಡೀ ದಿನ ಇದೆ. ನೀನು ಚುಕ್ಕಿ ಹೇಳುತ್ತ ಹೋಗು, ನಾನು ಒತ್ತುತ್ತ ಹೋಗುತ್ತೇನೆ.

ಹೊರಗೆ ಬಾ ಅಕ್ಕಾ. ಒಬ್ಬನೇ ನೋಡಲು ಹೆದರಿಕೆಯಾಯಿತು.