ಅದು ವರನ ಕಡೆಯವರ ಫೋನಲ್ಲ

ಫ್ಲೂಗರ್‌ವಿಲ್, ಆಸ್ಟಿನ್ ಹತ್ತಿರ
೧೧ ಫೆಬ್ರವರಿ ೨೦೨೫

ಪ್ರೀತಿಯ ಅವ್ವಾ,

ಹುಬ್ಬಳ್ಳಿಯಲ್ಲಿ ಆಗಲೇ ಬಿಸಿಲು ಶುರುವಾಗಿರಬೇಕು. ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀಯೋ, ಬಾಟಲಿ ನೋಡಿಯೇ ಸಮಾಧಾನ ಪಡುತ್ತಿದ್ದೀಯೋ? ಇದನ್ನು ನಾನು ಹೇಳುತ್ತಿದ್ದೇನೆ, ಫೋನು ಬರೆದುಕೊಳ್ಳುತ್ತಿದೆ. ಕರೆ ಮಾಡಿದರೆ ಅಣ್ಣ ಸ್ಪೀಕರ್ ಹಾಕುತ್ತಾನೆ, ಅತ್ತಿಗೆ ಕುಕ್ಕರ್ ಆರಿಸಿ ಕಿವಿಗೊಡುತ್ತಾಳೆ. ಅದಕ್ಕೇ ನಿನ್ನ ಫೋನಿಗೆ ಈ ಪತ್ರ, ನಿನಗೊಬ್ಬಳಿಗೆ ಮಾತ್ರ.

ಇವರು ತೀರಿಕೊಂಡ ಮೇಲೆ ಮನೆ ಸರ್ಕಾರದ ನೆರವಿನಲ್ಲಿ ನಡೆಯುತ್ತಿದೆ ಎಂಬುದು ನಿನಗೆ ಗೊತ್ತು. ಇಲ್ಲಿಯ ಕನ್ನಡದವರಿಗೆ ಗೊತ್ತಿಲ್ಲ. ಸಂಕ್ರಾಂತಿಗೆ ಕರೆದಿದ್ದರು, ಹೋಗಲಿಲ್ಲ. ‘ಈಗ ಏನ್ ಮಾಡ್ತಿದೀರಾ?’ ಎಂಬ ಪ್ರಶ್ನೆ ಎಳ್ಳುಬೆಲ್ಲದ ಜೊತೆ ಉಚಿತ. ಶೀತಲ್ ಶಾಲೆಯಿಂದ ಬಂದವಳೇ ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ. ನಾನು ಕನ್ನಡದಲ್ಲಿ ಏನು ಕೇಳಿದರೂ ‘ಫೈನ್’ ಎನ್ನುತ್ತಾಳೆ. ಮಿಕ್ಕ ಮಾತೆಲ್ಲ ನಾನು ಫ್ರಿಜ್ಜಿನ ಜೊತೆ ಆಡುತ್ತೇನೆ. ಅದಾದರೂ ಗುಂಯ್ ಎನ್ನುತ್ತದೆ.

ನೆರವು ಕೊಡುವ ಕಚೇರಿಯವರೇ ನನ್ನನ್ನು ರಕ್ತ ತೆಗೆಯುವ ಕೆಲಸದ ಕೋರ್ಸಿಗೆ ಸೇರಿಸಿದ್ದಾರೆ. ಸೂಜಿ ಹಾಕುವುದರಲ್ಲಿ ನನ್ನ ಕೈ ಹಗುರ. ರಕ್ತ ತುಂಬಲು ಯಾವ ಬಣ್ಣದ ಟ್ಯೂಬು ಮೊದಲು ಎಂಬುದಕ್ಕೆ ಹಾಡು ಕಟ್ಟಿಕೊಂಡಿದ್ದೇನೆ: ‘ಮೊದಲು ನೀಲಿ, ತೋಳು ಖಾಲಿ, ಆಮೇಲೆ ಕೆಂಪು, ಕೈಗೆ ತಂಪು, ಹಸಿರು ಬಂದರೆ ಬಿಡು ಉಸಿರು.’ ಆದರೆ ಬರೆಯುವ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದೆ. ಅರ್ಧ ಪ್ರಶ್ನೆ ಓದುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಇನ್ನೊಂದು ಸಲ ನಪಾಸಾದರೆ ಕೋರ್ಸಿಲ್ಲ, ಕೆಲಸವೂ ಇಲ್ಲ. ಕಚೇರಿಯ ಡೆನೀಸ್ ಎಂಬವಳು, ಇದು ಅಕ್ಷರ ಓದುವುದರಲ್ಲೇ ಹುಟ್ಟಿನಿಂದ ಬಂದ ತೊಂದರೆ ಇರಬಹುದೆಂದು ನನ್ನನ್ನು ತಪಾಸಣೆಗೆ ಕೂರಿಸಿದಳು. ಹೌದೆಂದು ಗೊತ್ತಾದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಪ್ರಶ್ನೆ ಓದಿ ಹೇಳುವವರೂ ಸಿಗುತ್ತಾರೆ. ಆದರೆ ಇದು ಬರೀ ಇಂಗ್ಲಿಷಿನ ಕಷ್ಟವೋ, ಚಿಕ್ಕಂದಿನಲ್ಲಿ ಕನ್ನಡ ಓದುವಾಗಲೂ ಹೀಗೇ ಇತ್ತೋ ಎಂಬುದನ್ನು ಮನೆಯವರಿಂದಲೇ ಕೇಳಿ ತಿಳಿಯಬೇಕಂತೆ.

ಹೋದ ವಾರ ದುಭಾಷಿಯನ್ನು ಜೊತೆಗಿಟ್ಟುಕೊಂಡು ಅವಳು ನಿನಗೆ ಫೋನ್ ಮಾಡಿದ್ದು ಅದಕ್ಕೇ. ನೀನೇನು ಹೇಳಿದೆ? ‘ನಮ್ಮ ಹುಡುಗಿಗೆ ಏನೂ ತೊಂದ್ರಿ ಇಲ್ರೀ. ಬಿ.ಎ. ಮಾಡ್ಯಾಳ. ಭಾಳ ಶಾಣ್ಯಾಕಿ. ಅಡಗೀನೂ ಛಲೋ ಮಾಡ್ತಾಳ.’ ಅವ್ವಾ, ಅದು ವರನ ಕಡೆಯವರ ಫೋನಲ್ಲ. ಅಂದು ಇದೇ ಮಾತು ಕೇಳಿ ಇವರ ಮನೆಯವರು ಒಪ್ಪಿದರು. ಡೆನೀಸ್ ಮಾತ್ರ ‘ಬಾಲ್ಯದಲ್ಲಿ ತೊಂದರೆ ಕಂಡಿಲ್ಲ’ ಎಂದು ಬರೆದುಕೊಂಡಳು. ಅಡುಗೆಯ ವಿಷಯ ಬರೆದುಕೊಳ್ಳಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಇನ್ನೊಮ್ಮೆ ಕೇಳಿ ನೋಡಿ ಎಂದು ನಾನೇ ಅವಳಿಗೆ ದುಂಬಾಲು ಬಿದ್ದಿದ್ದೇನೆ.

ಅಣ್ಣ ಅತ್ತಿಗೆಗೆ ಶರಣು. ಶೀತಲ್ ‘ಲವ್ ಯೂ ಅಜ್ಜಿ’ ಎಂದಳು, ಒಂದು ಕಿವಿಯ ಹೆಡ್‌ಫೋನ್ ಸರಿಸಿ.

ನಿನ್ನ ಮಗಳು
ಜಯದೇವಿ

ತಾ.ಕ.: ಗುರುವಾರ ನಿಮ್ಮಲ್ಲಿ ಸಂಜೆ ಏಳೂವರೆಗೆ ಫೋನ್ ಬರುತ್ತದೆ. ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊ. ನನಗೆ ಒಂದು ಸಾಲೂ ನೆಟ್ಟಗೆ ಓದಲು ಬರುತ್ತಿರಲಿಲ್ಲ, ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ನೀನು ಪಾಠ ಓದಿ ಹೇಳುತ್ತಿದ್ದೆ, ನಾನು ಪ್ರಾಸ ಹಚ್ಚಿ ಬಾಯಿಪಾಠ ಮಾಡುತ್ತಿದ್ದೆ, ಬಿ.ಎ. ಮುಗಿಯುವವರೆಗೂ. ಅಪ್ಪನಿಗೂ ಹೇಳದ ಈ ಸಂಗತಿಯನ್ನು ಆ ಅಪರಿಚಿತಳಿಗೆ ಹೇಳು, ಒಂದನ್ನೂ ಮುಚ್ಚಬೇಡ. ನಾನು ಅವಳ ಪಕ್ಕದಲ್ಲೇ ಕೂತಿರುತ್ತೇನೆ, ನಡುವೆ ಬಾಯಿ ಹಾಕುವಂತಿಲ್ಲ. ಹೊಗಳದೆ ಇರಲಾಗದಿದ್ದರೆ, ಅದೆಲ್ಲ ಮುಗಿದ ಮೇಲೆ ನನಗೊಂದು ಫೋನ್ ಮಾಡಿ ಹೊಗಳು. ಕೇಳದೆ ಬಹಳ ದಿನವಾಯಿತು.