ಬೇವಿನ ಮರದಿಂದ ಕಿತ್ತ ಸೂಜಿ

ಏಕಾಂತನ ಅಪ್ಪನವರಿಗೆ,

ಗರಡಿಯಿಂದ ಬಂದವರು ಮೊದಲು ಇದನ್ನು ಓದಿ. ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿಪಲ್ಯ ಗಡಿಗೆಯಲ್ಲಿದೆ. ಹಿತ್ತಲ ಗೂಟಕ್ಕೆ ಹಾಕಿರುವ ಕೌದಿಯನ್ನು ಮುಟ್ಟಬೇಡಿ.

ಕುಸ್ತಿಯಲ್ಲಿ ತಿರುಚಿದ ನಿಮ್ಮ ಮೊಣಕಾಲಿಗೆ ರಂಗೂನಿನಲ್ಲಿ ಸೂಜಿ ವೈದ್ಯ ಕಲಿತುಬಂದ ಲಾಲಪ್ಪಜ್ಜ ನಮ್ಮ ಮನೆಯ ಸೂಜಿಗಳನ್ನೇ ಕಾಯಿಸಿ ಚುಚ್ಚಿದರಲ್ಲ, ತೆಗೆದಾಗ ಏನಂದರು? "ಇವನ್ನ ಹಸೀ ಬೇವಿನ ಮರಕ್ಕ ಚುಚ್ಚಿ ಬಿಡ್ರಿ. ನೋವು ಅದರಾಗ ಇರ್ಲಿ. ಯಾರೂ ಕೀಳಬ್ಯಾಡ್ರಿ." ನೀವು ನಗುತ್ತಲೇ ಚುಚ್ಚಿಬಿಟ್ಟಿರಿ. ಅತ್ತೆಗೆ ಒಂದು ಮಾತು ಹೇಳಲಿಲ್ಲ.

"ಇಂಥಾ ಚಲೋ ಸೂಜಿ ತುಕ್ಕು ಹಿಡಿಯಾಕ ಬಿಟ್ಟಾರ" ಎಂದು ಅವರು ಒಂದನ್ನು ಕಿತ್ತು ಕೌದಿ ಹೊಲಿದಿದ್ದಾರೆ. ರಾತ್ರಿ ಏಕಾಂತ ಅದನ್ನೇ ಹೊದ್ದು ಮಲಗಿದ್ದ. ಬೆಳಿಗ್ಗೆಯಿಂದ ಎದ್ದು ನಿಲ್ಲುತ್ತಿಲ್ಲ. ಎಲ್ಲಿಯೂ ಬಿದ್ದಿಲ್ಲ, ಬಾವೂ ಇಲ್ಲ. "ಅವ್ವಾ, ಮೊಣಕಾಲಾಗ ಯಾರೋ ಹಗ್ಗ ಹೊಸಿಯಾಕ ಹತ್ಯಾರ" ಅನ್ನುತ್ತಾನೆ. ಅಖಾಡದಲ್ಲಿ ಬಿದ್ದ ದಿನ ನೀವು ಅಂದದ್ದೂ ಇದೇ ಮಾತು. ಆಗ ಅವನು ನನ್ನ ತವರಿನಲ್ಲಿದ್ದ, ಕೇಳಿದವನೇ ಅಲ್ಲ.

ಅತ್ತೆಯನ್ನು ಬೈದೀರಿ, ಜೋಕೆ. ಅವರು ಏನೂ ತಿಂದಿಲ್ಲ, ಜೊತೆಗೆ ಕೂಡಿಸಿಕೊಂಡು ಉಣ್ಣಿ. ಮರದಲ್ಲಿ ಉಳಿದ ಸೂಜಿಗಳ ಹತ್ತಿರ ಯಾರನ್ನೂ ಬಿಡಬೇಡಿ.

ಆ ಸೂಜಿ ತೆಗೆದುಕೊಂಡು, ಮಗನನ್ನು ಎತ್ತಿಕೊಂಡು ಅಜ್ಜನ ಊರು ಕೋಸಗಿಯ ರೈಲಿಗೆ ಹೊರಟಿದ್ದೇನೆ. ನೋವನ್ನು ಮೊದಲಿದ್ದ ಕಾಲಿಗೇ ಕಳಿಸಿರಿ ಎಂದು ಲಾಲಪ್ಪಜ್ಜನನ್ನು ಬೇಡಿಕೊಳ್ಳುತ್ತೇನೆ. ನಿಮ್ಮನ್ನು ಕೇಳಿದ್ದರೂ ನೀವು ಬೇಡ ಅನ್ನುತ್ತಿರಲಿಲ್ಲ, ನನಗೆ ಗೊತ್ತು.

ಸಂಜೆಗೆ ಮೊಣಕಾಲು ಮತ್ತೆ ಹಿಡಿದುಕೊಂಡರೆ ಹೆದರಬೇಡಿ, ತಿಕ್ಕಲೂ ಬೇಡಿ. ಮಗ ಎದ್ದು ನಿಂತ ಎಂದು ತಿಳಿಯಿರಿ.

ಅಂಬಮ್ಮ